ಮೇಷ್ಟ್ರ ಲೆಕ್ಕದ ಹಾಳೆ ರದ್ದಿಗೆ ಹೋಗುವ ಮುಂಚೆ

ಮನೆಯಲ್ಲಿ ಗಣಿತದ ಪ್ರೊಫೆಸರ್ ಒಬ್ಬರಿದ್ದರು. ಈಗ ಇಲ್ಲ. ವೈಕುಂಠ ಸಮಾರಾಧನೆ ಮುಗಿದಿದೆ. ಹೊರದೇಶದಿಂದ ಬಂದ ಮಗನಿಗೆ ಇನ್ನು ಹತ್ತು ದಿನ ರಜೆ ಇದೆ, ಅಷ್ಟರಲ್ಲಿ ಮನೆ ಖಾಲಿಯಾಗಬೇಕು. ಪಾತ್ರೆ ಯಾರಿಗೆ, ಮಂಚ ಯಾರಿಗೆ ಅಂತ ತೀರ್ಮಾನವಾಗಿದೆ. ಉಳಿದದ್ದು ಓದುವ ಕೋಣೆ. ಅಲ್ಲಿ ಎರಡು ಬೀರು, ಒಂದು ಟ್ರಂಕು, ಅಟ್ಟದ ತುಂಬ ರಟ್ಟಿನ ಪೆಟ್ಟಿಗೆ. ತೆಗೆದು ನೋಡಿದರೆ ತಲೆಬುಡ ತಿಳಿಯದ ಚಿಹ್ನೆಗಳು. ಹಳೇ ಪೇಪರ್‌ನವನು ಕಿಲೋಗೆ ಇಷ್ಟು ಅಂತ ಆಗಲೇ ರೇಟು ಹೇಳಿ ಹೋಗಿದ್ದಾನೆ.

ಈ ಲೇಖನ ಆ ಹತ್ತು ದಿನಗಳಿಗೆ. ಮೇಷ್ಟ್ರು ಇನ್ನೂ ಗಟ್ಟಿಮುಟ್ಟಾಗಿದ್ದರೆ ಇನ್ನೂ ಒಳ್ಳೆಯದು, ಕೆಲಸ ಅರ್ಧ ಹಗುರ.

ಇಂಥದ್ದೇ ಒಂದು ಕೋಣೆಯ ಕಥೆ ಕೇಳಿ. ರಾಮಾನುಜನ್ 1920ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೊನೆಯ ವರ್ಷ ಹಾಸಿಗೆಯಲ್ಲೇ ಬರೆದ ಹಾಳೆಗಳು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದವು. ಅಲ್ಲಿಂದ 1923ರಲ್ಲಿ ಒಂದು ಕಟ್ಟು ಕಾಗದ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಹೋಯಿತು. ಮುಂದೆ ಆ ಹಾಳೆಗಳು ಜಿ. ಎನ್. ವಾಟ್ಸನ್ ಎಂಬ ಗಣಿತಜ್ಞರ ಕೈ ಸೇರಿದವು. 1965ರಲ್ಲಿ ವಾಟ್ಸನ್ ಕೂಡ ಹೋದರು. ಅವರ ಬಗ್ಗೆ ಬರೆಯಲು ಹೊರಟಿದ್ದ ಗಣಿತಜ್ಞ ಜೆ. ಎಂ. ವಿಟೇಕರ್ ಅವರು ವಾಟ್ಸನ್ ಮನೆಗೆ ಹೋಗಿ ನೋಡಿದರೆ, ಕೋಣೆಯ ನೆಲದ ಮೇಲೆ ಸುಮಾರು ಒಂದು ಅಡಿ ಎತ್ತರಕ್ಕೆ ಕಾಗದ ಹರಡಿತ್ತು. ಕೆಲವೇ ದಿನಗಳಲ್ಲಿ ಅದನ್ನೆಲ್ಲ ಸುಡುವುದಿತ್ತು. ಅವರು ಆ ರಾಶಿಗೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತಿಕೊಂಡರು. ಹಾಗೆ ಸಿಕ್ಕಿದ್ದರಲ್ಲಿ ರಾಮಾನುಜನ್ ಹಾಳೆಗಳೂ ಇದ್ದವು. 1968ರ ಕೊನೆಗೆ ರಾಂಕಿನ್ ಎಂಬ ಇನ್ನೊಬ್ಬ ಗಣಿತಜ್ಞರು ಅವನ್ನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ರೆನ್ ಗ್ರಂಥಾಲಯಕ್ಕೆ ಕಳಿಸಿದರು.

ಅಲ್ಲೂ ಎಂಟು ವರ್ಷ ಯಾರೂ ಮುಟ್ಟಲಿಲ್ಲ. 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರೂಸ್ ವಾಟ್ಸನ್ ಅವರ ಪೆಟ್ಟಿಗೆ ತೆಗೆದರು. ನೂರಕ್ಕೂ ಹೆಚ್ಚು ಪುಟ, ಆರುನೂರಕ್ಕೂ ಹೆಚ್ಚು ಸೂತ್ರ. ಸೂತ್ರ ಯಾಕೆ ಸರಿ ಅನ್ನುವ ಪುರಾವೆ ಇಲ್ಲ, ವಿವರಣೆ ಇಲ್ಲವೇ ಇಲ್ಲ ಅನ್ನಬಹುದು. ‘ಕಳೆದುಹೋದ ನೋಟ್‌ಬುಕ್’ ಅಂತ ಈಗ ಹೆಸರಾಗಿರುವುದು ಇದೇ. ನಿಜಕ್ಕೂ ಅದು ನೋಟ್‌ಬುಕ್ಕೂ ಅಲ್ಲ, ಬಿಡಿ ಹಾಳೆಗಳ ಕಟ್ಟು. ಆಂಡ್ರೂಸ್ ಆ ಹಾಳೆಗಳಲ್ಲಿದ್ದ ವಿಷಯದ ಮೇಲೆಯೇ ಡಾಕ್ಟರೇಟ್ ಮಾಡಿದ್ದರು. ಹಾಗಾಗಿ ನೋಡಿದ ಕೂಡಲೇ ಗುರುತು ಹತ್ತಿತು. ಬೇರೆ ಯಾರಾದರೂ ಆ ಪೆಟ್ಟಿಗೆ ತೆಗೆದಿದ್ದರೆ ಹಾಗೇ ಮುಚ್ಚಿ ಇಡುತ್ತಿದ್ದರೋ ಏನೋ.

ನಿಮ್ಮ ತಂದೆ ರಾಮಾನುಜನ್ ಅಲ್ಲದಿರಬಹುದು. ಆದರೆ ಅಟ್ಟದ ಪೆಟ್ಟಿಗೆಯಲ್ಲಿ ಏನಿದೆ ಅಂತ ತೀರ್ಮಾನ ಮಾಡುವವರು ನೀವೂ ಅಲ್ಲ, ಹಳೇ ಪೇಪರ್‌ನವನೂ ಅಲ್ಲ. ನಿಮ್ಮ ಕೆಲಸ ಇಷ್ಟೇ: ಅದು ತಿಳಿದವರ ಕೈಗೆ, ಇದ್ದ ಹಾಗೆಯೇ ತಲುಪಬೇಕು.

ಮೊದಲ ದಿನ: ಏನೂ ಜೋಡಿಸಬೇಡಿ

ಎಲ್ಲರೂ ಮೊದಲು ಮಾಡುವ ತಪ್ಪೇ ಜೋಡಿಸುವುದು. ನಾನೂ ಮಾಡಿದ್ದೇನೆ. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರ ಬೀರುವನ್ನು ಒಂದು ಭಾನುವಾರ ಉತ್ಸಾಹದಿಂದ ‘ನೀಟಾಗಿ’ ಮಾಡಿಟ್ಟೆ. ಪತ್ರಗಳೆಲ್ಲ ಒಂದು ಕಡೆ, ತಾರೀಖಿನ ಪ್ರಕಾರ. ಕರಡುಗಳೆಲ್ಲ ಇನ್ನೊಂದು ಕಡೆ. ಸಂಜೆಗೆ ಬೀರು ಲೈಬ್ರರಿ ಥರ ಕಾಣುತ್ತಿತ್ತು. ಆಮೇಲೆ ಅವರ ಶಿಷ್ಯೆಯೊಬ್ಬರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಯಾವುದಾದರೂ ಪತ್ರದಲ್ಲಿ ಲೆಕ್ಕದ ತಪ್ಪು ತೋರಿಸಿದ್ದರೆ, ಮೇಷ್ಟ್ರು ಆ ಪತ್ರವನ್ನು ತಪ್ಪಾದ ಕರಡಿನ ಒಳಗೇ ಇಡುತ್ತಿದ್ದರಂತೆ. ಯಾವ ಪತ್ರ ಯಾವ ಕರಡಿನದು ಅಂತ ಈಗ ಹೇಳುವವರು ಯಾರೂ ಇಲ್ಲ.

ಹಳೇ ದಾಖಲೆ ಕಾಪಾಡುವ ಪತ್ರಾಗಾರದವರು ಇದನ್ನು ‘ಮೂಲ ಕ್ರಮ’ ಅನ್ನುತ್ತಾರೆ. ಬರೆದವರು ಹೇಗೆ ಇಟ್ಟಿದ್ದರೋ ಹಾಗೇ ಉಳಿಸುವುದು. ಗಣಿತದ ಕಾಗದಕ್ಕೆ ಇದು ಜಾಸ್ತಿ ಮುಖ್ಯ. ಯಾಕೆಂದರೆ ಕಾದಂಬರಿಯ ಕರಡು ಕಲಸಿಹೋದರೂ ಓದಿ ಜೋಡಿಸಬಹುದು. ತಾರೀಖಿಲ್ಲದ, ಮಾತಿಲ್ಲದ ಸಮೀಕರಣಗಳ ನೂರು ಹಾಳೆ ಕಲಸಿದರೆ ಅಷ್ಟೇ, ಮುಗಿಯಿತು.

ಹಾಗಾದರೆ ಮೊದಲ ದಿನ ಮಾಡಬೇಕಾದ್ದು ಏನು? ಮೊಬೈಲ್ ತೆಗೆದುಕೊಂಡು ಕೋಣೆಯ ಫೋಟೊ ಹೊಡೆಯಿರಿ. ಮೇಜು, ಗೋಡೆ, ಬೀರುವಿನ ಒಂದೊಂದು ಅಂಕಣ, ಪ್ರತಿ ಪೆಟ್ಟಿಗೆಯನ್ನು ತೆಗೆದು ಮೇಲಿನಿಂದ ಒಂದು. ಬೀರು, ಅಂಕಣ, ಪೆಟ್ಟಿಗೆಗಳಿಗೆ ನಂಬರ್ ಕೊಡಿ. ನಂಬರನ್ನು ಚೀಟಿಯಲ್ಲಿ ಬರೆದು ಒಳಗೆ ಇಡಿ, ಮೂಲ ಹಾಳೆಯ ಮೇಲೆ ಬರೆಯಬೇಡಿ. ಬರೆಯಲೇಬೇಕಾದರೆ ಮೆತ್ತನೆ ಪೆನ್ಸಿಲ್‌ನಲ್ಲಿ, ಮೂಲೆಯಲ್ಲಿ. ಪುಸ್ತಕದ ಮಧ್ಯೆ ಸಿಕ್ಕಿಸಿದ ಚೀಟಿಯನ್ನು ಅಲ್ಲೇ ಬಿಡಿ.

ಏನು ಉಳಿಸಬೇಕು, ಏನು ಬಿಡಬಹುದು

ಸಾಮಾನ್ಯವಾಗಿ ಮನೆಯವರು ಅಚ್ಚಾದದ್ದನ್ನು ಜೋಪಾನ ಮಾಡಿ, ಕೈಬರಹವನ್ನು ಎಸೆಯುತ್ತಾರೆ. ಆಗಬೇಕಾದ್ದು ಇದರ ಉಲ್ಟಾ. ಅಚ್ಚಾದ ಸಂಶೋಧನಾ ಪೇಪರ್ ಪ್ರಪಂಚದ ನೂರು ಲೈಬ್ರರಿಯಲ್ಲಿದೆ. ರಫ್ ಹಾಳೆ ಇರುವುದು ನಿಮ್ಮ ಅಟ್ಟದಲ್ಲಿ ಮಾತ್ರ.

ರಫ್ ಹಾಳೆಯಲ್ಲಿ ಏನಿರುತ್ತದೆ ಅಂತ ಕೇಳಬಹುದು. 1729 ಅನ್ನುವ ಸಂಖ್ಯೆಯ ಕಥೆ ಎಲ್ಲರಿಗೂ ಗೊತ್ತು. ಹಾರ್ಡಿ ಟ್ಯಾಕ್ಸಿ ನಂಬರ್ ಹೇಳಿದರು, ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂತ ರಾಮಾನುಜನ್ ಮಲಗಿದ್ದಲ್ಲೇ ಹೇಳಿದರು, ಎಂಥಾ ಮಿಂಚು ಬುದ್ಧಿ ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಈಗ ರಾಮಾನುಜನ್ ಅವರ ಬಿಡಿ ಹಾಳೆಗಳನ್ನು ನೋಡಿ. ಒಂದರಲ್ಲಿ ಅವರು 9 ಮತ್ತು 10ರ ಘನಗಳನ್ನು ಕೂಡಿಸಿದರೆ 12ರ ಘನಕ್ಕಿಂತ ಒಂದು ಹೆಚ್ಚು ಅಂತ ಬರೆದಿದ್ದಾರೆ (ಆ ಮೊತ್ತವೇ 1729). 135 ಮತ್ತು 138ರ ಘನಗಳನ್ನು ಕೂಡಿಸಿದರೆ 172ರ ಘನಕ್ಕಿಂತ ಒಂದು ಕಡಿಮೆ. ಇನ್ನೂ ದೊಡ್ಡ ಸಂಖ್ಯೆಗಳೂ ಇವೆ. ಇಂಥವನ್ನು ಕೊನೆಯಿಲ್ಲದಂತೆ ಹುಟ್ಟಿಸುವ ಸೂತ್ರವೂ ಅದೇ ಹಾಳೆಯಲ್ಲಿದೆ. ಅಂದರೆ 1729 ಅವರಿಗೆ ಸುಮ್ನೆ ಹೊಳೆದದ್ದಲ್ಲ. ಅದು ಇಂಥ ಸಂಖ್ಯೆಗಳ ಒಂದು ದೊಡ್ಡ ಹುಡುಕಾಟದ ಭಾಗ. ಕಥೆ ಕೇಳಿದರೆ ಪವಾಡ ಕಾಣುತ್ತದೆ, ಹಾಳೆ ನೋಡಿದರೆ ದುಡಿಮೆ ಕಾಣುತ್ತದೆ.

ಗಣಿತಜ್ಞ ರೀಮನ್ ಕಥೆಯೂ ಇದೇ. 1859ರಲ್ಲಿ ಅವರು ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಕೆಲವೇ ಪುಟದ ಲೇಖನ ಬರೆದರು. ಬರೀ ಒಳನೋಟದಿಂದ ಹೇಳಿದ್ದು ಅಂತ ಎಷ್ಟೋ ಜನ ನಂಬಿದ್ದರು. ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಅವರ ರಫ್ ಕಾಗದಗಳನ್ನು ಸೀಗೆಲ್ ಎಂಬ ಗಣಿತಜ್ಞರು ಜಾಲಾಡಿದಾಗ ರಾಶಿ ಕೈಲೆಕ್ಕ ಸಿಕ್ಕಿತು. ಜೊತೆಗೆ ಎಪ್ಪತ್ತು ವರ್ಷ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸೂತ್ರವೂ ಸಿಕ್ಕಿತು. 1932ರಲ್ಲಿ ಅದು ಪ್ರಕಟವಾಯಿತು.

ಹಾಗಾಗಿ ಉಳಿಸಲೇಬೇಕಾದವು ಇವು: ಕೈಬರಹದ ನೋಟುಪುಸ್ತಕ, ಪ್ರಕಟವಾಗದ ಕರಡು, ಅರ್ಧಕ್ಕೆ ಬಿಟ್ಟ ಲೆಕ್ಕ, ಬಂದ ಪತ್ರ, ಕಳಿಸಿದ ಪತ್ರದ ಕಾರ್ಬನ್ ಪ್ರತಿ, ಪಾಠದ ಟಿಪ್ಪಣಿ, ದಿನಚರಿ, ಫೋಟೊ. ಪೇಪರನ್ನು ತಿರಸ್ಕರಿಸಿ ಬಂದ ಪತ್ರವನ್ನೂ ನಾಚಿಕೆಯೆಂದು ಹರಿಯಬೇಡಿ, ಇತಿಹಾಸ ಬರೆಯುವವರಿಗೆ ಅದು ಚಿನ್ನ.

ಬಿಡಬಹುದಾದವು: ಅಚ್ಚಾದ ಜರ್ನಲ್ ಸಂಚಿಕೆಗಳು, ಬೇರೆಯವರ ಪೇಪರ್‌ಗಳ ಜೆರಾಕ್ಸ್, ಕರೆಂಟ್ ಬಿಲ್ಲು, ವಿದ್ಯಾರ್ಥಿಗಳ ಉತ್ತರ ಪತ್ರಿಕೆ. ಆದರೆ ಬಿಡುವ ಮುಂಚೆ ಪ್ರತಿಯೊಂದನ್ನೂ ಪುಟ ತಿರುವಿ ನೋಡಿ. ಪಕ್ಕದ ಖಾಲಿ ಜಾಗದಲ್ಲಿ ‘ಇಲ್ಲಿ ತಪ್ಪು’ ಅಂತ ಪೆನ್ಸಿಲ್‌ನಲ್ಲಿ ಗೀಚಿದ್ದರೆ ಆ ಜೆರಾಕ್ಸ್ ಇನ್ನು ಜೆರಾಕ್ಸ್ ಅಲ್ಲ.

ಇನ್ನೊಂದು ವಿಷಯ. ಗಣಿತದವರು ಕೈಗೆ ಸಿಕ್ಕಿದ್ದರ ಮೇಲೆಲ್ಲ ಬರೆಯುತ್ತಾರೆ. ಸೆಮಿನಾರ್ ನೋಟಿಸಿನ ಹಿಂಭಾಗ, ಪ್ರಶ್ನೆಪತ್ರಿಕೆಯ ಹಿಂಭಾಗ, ಮದುವೆ ಕರೆಯೋಲೆಯ ಹಿಂಭಾಗ. ಲೆಕ್ಕಕ್ಕೆ ತಾರೀಖು ಇರುವುದಿಲ್ಲ, ಕರೆಯೋಲೆಗೆ ಇರುತ್ತದೆ ಅಲ್ವಾ? ಆ ಲೆಕ್ಕ ಯಾವ ವರ್ಷದ್ದು ಅಂತ ಅದರಿಂದಲೇ ಅಂದಾಜಾಗುತ್ತದೆ. ಇನ್‌ಲ್ಯಾಂಡ್ ಲೆಟರ್, ಲಕೋಟೆಗಳನ್ನೂ ಹಾಗೇ ಇಡಿ. ಅಂಚೆ ಮುದ್ರೆ ಊರನ್ನೂ ದಿನವನ್ನೂ ಹೇಳುತ್ತದೆ. ಸ್ಕ್ಯಾನ್ ಮಾಡುವಾಗ ಎರಡೂ ಬದಿ ಮಾಡಿ.

ಬದುಕಿದ್ದರೆ, ಕೂರಿಸಿ ಮಾತಾಡಿಸಿ

ತರ್ಕಶಾಸ್ತ್ರಜ್ಞ ಗೋಡೆಲ್ ತಮ್ಮ ಟಿಪ್ಪಣಿಗಳನ್ನು ಗಾಬೆಲ್ಸ್‌ಬರ್ಗರ್ ಎಂಬ ಹಳೇ ಜರ್ಮನ್ ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದರು. ಅವರು ಹೋದ ಮೇಲೆ ಕಾಗದವೆಲ್ಲ ಪ್ರಿನ್ಸ್‌ಟನ್‌ನಲ್ಲಿ ಭದ್ರವಾಗಿತ್ತು. ಓದಲು ಬರುವವರು ಮಾತ್ರ ಬೆರಳೆಣಿಕೆಯಷ್ಟು ಜನ.

ನಮ್ಮ ಮೇಷ್ಟ್ರುಗಳಿಗೂ ಅವರದೇ ಸಂಕೇತಗಳಿರುತ್ತವೆ. ಅಂಚಿನಲ್ಲಿ ‘ಸು’ ಅಂತ ಬರೆದಿದ್ದರೆ ಸುಳ್ಳೋ ಸುಲಭವೋ? ನೀಲಿ ಫೈಲಿಗೂ ಕೆಂಪು ಫೈಲಿಗೂ ಏನು ವ್ಯತ್ಯಾಸ? ಪತ್ರದಲ್ಲಿ ಬರೀ ‘ಕೆ.’ ಅಂತಿದೆ, ಯಾರದು? ಮೊಬೈಲ್‌ನಲ್ಲಿ ರೆಕಾರ್ಡ್ ಹಚ್ಚಿ, ಒಂದೊಂದು ಪೆಟ್ಟಿಗೆಯನ್ನು ಅವರ ಮುಂದೆ ತೆರೆಯಿರಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂತ ಕೇಳಿದರೆ ‘ಏನಿದೆ ಹೇಳೋಕೆ’ ಅಂತಾರೆ. ‘ಈ ಹಾಳೆ ಯಾಕೆ ಇಟ್ಟುಕೊಂಡಿದ್ದೀರಿ ಸಾರ್’ ಅಂತ ಕೇಳಿ ನೋಡಿ, ಒಂದು ಗಂಟೆ ಮಾತಾಡುತ್ತಾರೆ. ಫೋಟೊದಲ್ಲಿ ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಸಿಕೊಳ್ಳಿ. ಈ ಕೆಲಸ ಮುಂದೂಡಬೇಡಿ.

ಕಾಗದದ ಆರೈಕೆ

ನಮ್ಮ ಕಡೆ ಕಾಗದಕ್ಕೆ ಶತ್ರುಗಳು ಮೂರು: ತೇವ, ಗೆದ್ದಲು, ಸೆಲ್ಲೋಟೇಪು. ಮೂರನೆಯದು ನಾವೇ ತರುವುದು. ಹರಿದ ಹಾಳೆಗೆ ಟೇಪ್ ಹಚ್ಚಿದರೆ ಕೆಲವೇ ವರ್ಷಕ್ಕೆ ಅಂಟು ಕಂದು ಬಣ್ಣಕ್ಕೆ ತಿರುಗಿ ಶಾಯಿಯನ್ನೂ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಆಮೇಲೆ ಬಿಡಿಸಲು ಆಗುವುದಿಲ್ಲ. ಹರಿದದ್ದನ್ನು ಹಾಗೇ ಒಂದು ಹಾಳೆಯ ಮಡಿಕೆಯಲ್ಲಿ ಇಟ್ಟುಬಿಡಿ.

ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಎಳೆಯಬೇಡಿ, ಹಿಂದಿನಿಂದ ಕಾಲು ಬಿಚ್ಚಿ ಮೆಲ್ಲಗೆ ತೆಗೆಯಿರಿ. ಪಿನ್ನು ತೆಗೆದ ಹಾಳೆಗಳು ಒಟ್ಟಿಗಿದ್ದವು ಅಂತ ಗೊತ್ತಾಗಲು ಅವನ್ನು ಒಂದೇ ಮಡಿಕೆಯೊಳಗೆ ಇಡಿ. ಆ ಮಡಿಕೆಗೆ ಆಮ್ಲರಹಿತ ಕಾಗದ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಒಳ್ಳೆಯ ಬಿಳಿ ಕಾಗದ ನಡೆಯುತ್ತದೆ. ದಿನಪತ್ರಿಕೆಯಲ್ಲಿ ಮಾತ್ರ ಸುತ್ತಬೇಡಿ. ಆ ಕಾಗದದ ಆಮ್ಲ ಒಳಗಿನ ಹಾಳೆಗೂ ಇಳಿದು ಹಳದಿ ಮಾಡುತ್ತದೆ.

ಹಳೇ ಫ್ಯಾಕ್ಸ್ ಕಾಗದ ಕಂಡರೆ ಎಲ್ಲಕ್ಕಿಂತ ಮೊದಲು ಅದರ ಸ್ಕ್ಯಾನ್ ಮಾಡಿ. ನುಣುಪಾಗಿ ಹೊಳೆಯುವ ಆ ಸುರುಳಿಯ ಅಕ್ಷರ ತಾನಾಗಿಯೇ ಮಾಸಿಹೋಗುತ್ತದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಎಷ್ಟೋ ಚರ್ಚೆ ನಡೆದದ್ದು ಫ್ಯಾಕ್ಸಿನಲ್ಲೇ.

ಕರಾವಳಿ, ಮಲೆನಾಡಿನವರಿಗೆ ಪ್ಲಾಸ್ಟಿಕ್ ಕವರ್ ಮೇಲೆ ಬಹಳ ನಂಬಿಕೆ. ಮಳೆ ಒಳಗೆ ಬರದಿರಬಹುದು, ಆದರೆ ಒಳಗಿನ ತೇವ ಹೊರಗೂ ಹೋಗುವುದಿಲ್ಲ. ಬೂಸು ಬರುವುದು ಹಾಗೇ. ರಟ್ಟಿನ ಪೆಟ್ಟಿಗೆಯೇ ವಾಸಿ, ನೆಲದಿಂದ ಗೇಣುದ್ದ ಮೇಲೆ, ಗೋಡೆಗೆ ತಾಗದಂತೆ. ಅಟ್ಟ ಬೇಡ. ಬೂಸು ಹಿಡಿದದ್ದು ಸಿಕ್ಕಿದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಅದನ್ನು ಬೇರೆ ಕೋಣೆಗೆ ಒಯ್ದು, ನೆರಳಲ್ಲಿ ಗಾಳಿಗೆ ಒಣಗಿಸಿ. ಬಿಸಿಲು ಬೇಡ, ಶಾಯಿ ಹೋಗುತ್ತದೆ.

ಓಲೆಗರಿಗೆ ಹುಲ್ಲೆಣ್ಣೆ ಸವರುತ್ತಾರಲ್ಲ, ಇದಕ್ಕೂ ಹಚ್ಚೋಣ ಅಂತ ಒಬ್ಬರು ನನ್ನನ್ನು ಕೇಳಿದ್ದರು. ದಯವಿಟ್ಟು ಬೇಡ. ಗರಿ ಬೇರೆ, ಕಾಗದ ಬೇರೆ. ಕಾಗದಕ್ಕೆ ಎಣ್ಣೆ ತಾಗಿದರೆ ಬೋಂಡಾ ಕಟ್ಟಿದ ಪೇಪರ್ ಆಗುತ್ತದೆ.

ಫ್ಲಾಪಿ, ಇಮೇಲು, ನುಡಿ ಫೈಲು

1990ರ ನಂತರ ಕೆಲಸ ಮಾಡಿದವರ ಅರ್ಧ ಕಾಗದ ಕಾಗದದಲ್ಲೇ ಇರುವುದಿಲ್ಲ. ಡ್ರಾಯರ್‌ನಲ್ಲಿ ಫ್ಲಾಪಿ ಇರುತ್ತವೆ. ಮೂರೂವರೆ ಇಂಚಿನದಾದರೆ ಯುಎಸ್‌ಬಿ ಡ್ರೈವ್ ಸಿಗುತ್ತದೆ. ಹಾಕಿದ ತಕ್ಷಣ ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೆ ‘ಬೇಡ’ ಒತ್ತಿ, ತಿಳಿದವರಿಗೆ ಕೊಡಿ. ‘ಹೂಂ’ ಒತ್ತಿ ಎಲ್ಲ ಅಳಿಸಿಕೊಂಡವರಿದ್ದಾರೆ. ಐದೂಕಾಲು ಇಂಚಿನದಾದರೆ ಮನೆಯಲ್ಲಿ ಪ್ರಯತ್ನವೇ ಬೇಡ.

ಗಣಿತ ಬರಹವನ್ನು ಅಚ್ಚಿಗೆ ಜೋಡಿಸುವ ಟೆಕ್ (TeX) ತಂತ್ರಾಂಶದ ಫೈಲುಗಳು ಬರೀ ಪಠ್ಯ, ಐವತ್ತು ವರ್ಷ ಬಿಟ್ಟೂ ತೆರೆಯಬಹುದು. ಅದರ ಜೊತೆ ಪಿಡಿಎಫ್ ಕೂಡ ಇಡಿ. ಡಾಸ್ ಕಾಲದ ಚೀರೈಟರ್‌ನಂಥ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಈಗ ತೆರೆಯುವುದು ಕಷ್ಟ, ಹಾಗಾಗಿ ಅದರ ಮುದ್ರಿತ ಪ್ರತಿಯನ್ನು ಎಸೆಯಲೇಬೇಡಿ. ಕನ್ನಡದಲ್ಲಿ ಬರೆದ ಗಣಿತ ಲೇಖನಗಳು ಹಳೇ ನುಡಿ, ಬರಹ ಫಾಂಟುಗಳಲ್ಲಿ ಇರಬಹುದು. ಫಾಂಟು ಇಲ್ಲದಿದ್ದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಕೆಟ್ಟ ಫೈಲು ಅಂತ ಅಳಿಸಬೇಡಿ. ಯೂನಿಕೋಡ್‌ಗೆ ಬದಲಿಸಿದ ಒಂದು ಪ್ರತಿ ಮಾಡಿ, ಮೂಲವನ್ನೂ ಇಟ್ಟುಕೊಳ್ಳಿ.

ಜಿಮೇಲ್ ಇದ್ದರೆ ಗೂಗಲ್ ಟೇಕ್‌ಔಟ್‌ನಲ್ಲಿ ಇಡೀ ಪೆಟ್ಟಿಗೆಯನ್ನು ಇಳಿಸಿಕೊಳ್ಳಬಹುದು. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, ಇದು ನೆನಪಿರಲಿ. ಬದುಕಿದ್ದಾಗಲೇ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ಮನೆಯವರ ಹೆಸರು ಹಾಕಿಸಿಡಿ.

ಎಲ್ಲದಕ್ಕೂ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ.

ಪಟ್ಟಿ

ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಹಾಳೆಗೂ ಸಾಲು ಬೇಡ, ಸತ್ತುಹೋಗುತ್ತೀರಿ. ಒಂದು ಫೈಲಿಗೆ ಒಂದು ಸಾಲು. ಹೀಗೆ: ‘ಪೆಟ್ಟಿಗೆ 3, ಫೈಲು 7. ರಟ್ಟಿನ ಮೇಲೆ ಅವರೇ ಬರೆದದ್ದು: ಝೀಟಾ, ಕೈಬಿಟ್ಟದ್ದು. 1974–76. ಸುಮಾರು 60 ಹಾಳೆ. ಇಂಗ್ಲಿಷ್, ಅಂಚಿನಲ್ಲಿ ಕನ್ನಡ. ಎರಡು ಪತ್ರ ಒಳಗಿವೆ.’ ಫೈಲಿನ ಮೇಲೆ ಅವರು ಕೊಟ್ಟ ಹೆಸರನ್ನು ತಿದ್ದದೆ ಹಾಗೇ ಬರೆಯಿರಿ, ಕಾಗುಣಿತ ತಪ್ಪಿದ್ದರೂ. ತಾರೀಖು ನಿಮ್ಮ ಊಹೆಯಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಯಾರಿಗೆ ಕೊಡುವುದು

ಮೊದಲು ಅವರು ದುಡಿದ ಸಂಸ್ಥೆಯನ್ನು ಕೇಳಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತಮ್ಮದೇ ಪತ್ರಾಗಾರ ವಿಭಾಗಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) 2019ರಲ್ಲಿ ತೆರೆದ ಪತ್ರಾಗಾರ ಇಂದಿನ ಭಾರತದ ವಿಜ್ಞಾನದ ಇತಿಹಾಸಕ್ಕೆಂದೇ ಇದೆ. ಅಲ್ಲಿ ಜೀವವಿಜ್ಞಾನದ್ದೇ ಜಾಸ್ತಿ. ಆದರೂ ಕೇಳಿದರೆ ದಾರಿ ಹೇಳುತ್ತಾರೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಖಾಸಗಿ ಕಾಗದಗಳನ್ನೂ ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ ನೆಲೆಸಿದ್ದವರ ಮನೆಯವರಿಗೆ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೇ ಮೀಸಲಾದ ಪತ್ರಾಗಾರವಿದೆ, 1970ರ ದಶಕದಿಂದಲೂ.

ದೊಡ್ಡ ಹೆಸರಿಗೆ ಮರುಳಾಗಬೇಡಿ. ಪಟ್ಟಿ ಮಾಡಲು ಜನ ಇದ್ದಾರಾ, ಓದುಗರನ್ನು ಒಳಗೆ ಬಿಡುತ್ತಾರಾ, ಮಳೆಗಾಲದಲ್ಲಿ ಆ ಕೋಣೆ ಸೋರುತ್ತದಾ, ಇದನ್ನು ಕೇಳಿ. ಆಗುವುದಾದರೆ ಹೋಗಿ ಮೂಗಿನಿಂದ ನೋಡಿ. ಬೂಸಿನ ವಾಸನೆ ಬಂದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಹಂಚಿಕೊಳ್ಳಲು ಹೋಗಬೇಡಿ. ಅಣ್ಣನಿಗೆ ಪತ್ರ, ತಂಗಿಗೆ ನೋಟುಪುಸ್ತಕ ಅಂತ ಆದರೆ ಕಥೆ ಮುಗಿಯಿತು. ನ್ಯೂಟನ್ ವಂಶದ ಕಡೆಯವರು 1936ರಲ್ಲಿ ಉಳಿದ ಕಾಗದಗಳನ್ನು ಲಂಡನ್ನಿನಲ್ಲಿ ಮುನ್ನೂರಕ್ಕೂ ಹೆಚ್ಚು ಲಾಟು ಮಾಡಿ ಹರಾಜು ಹಾಕಿದರು. ಸಿಕ್ಕಿದ್ದು ಸುಮಾರು ಒಂಬತ್ತು ಸಾವಿರ ಪೌಂಡ್. ಅರ್ಥಶಾಸ್ತ್ರಜ್ಞ ಕೇನ್ಸ್ ಅದರಲ್ಲಿ ಎಷ್ಟೋ ಭಾಗವನ್ನು ಒಂದೊಂದಾಗಿ ಕೊಂಡು ಒಟ್ಟುಗೂಡಿಸಿದರು. ಎಲ್ಲಕ್ಕೂ ಒಬ್ಬ ಕೇನ್ಸ್ ಸಿಗುವುದಿಲ್ಲ.

ಕೊಡುವಾಗ ದಾನಪತ್ರ ಬರೆದುಕೊಳ್ಳಿ, ವಾರಸುದಾರರೆಲ್ಲ ಸಹಿ ಹಾಕಲಿ. ಕಾಗದದ ಒಡೆತನ ಬೇರೆ, ಕಾಪಿರೈಟ್ ಬೇರೆ. ನಿಮ್ಮ ತಂದೆಗೆ ಬಂದ ಪತ್ರದ ಕಾಗದ ನಿಮ್ಮದು, ಅದರ ಮಾತಿನ ಹಕ್ಕು ಬರೆದವರದು. ಭಾರತದಲ್ಲಿ, ಬರೆದವರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಆ ಹಕ್ಕು ಅವರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ, ಪ್ರಕಟವಾಗದ ಪತ್ರಕ್ಕೆ ಅದಕ್ಕಿಂತ ಹೆಚ್ಚು ಕಾಲವೂ ಇರಬಹುದು. ಹಾಗಾಗಿ ಸಂಶೋಧಕರು ಬಂದು ಓದಬಹುದು, ಆದರೆ ಇಡೀ ಪತ್ರವನ್ನು ಅಂತರ್ಜಾಲಕ್ಕೆ ಹಾಕಲು ಅನುಮತಿ ಬೇಕು. ಇನ್ನೊಬ್ಬರ ಪೇಪರ್ ಬಗ್ಗೆ ಗುಟ್ಟಾಗಿ ಬರೆದ ಅಭಿಪ್ರಾಯ, ಕೆಲಸಕ್ಕಾಗಿ ಬರೆದ ಶಿಫಾರಸು ಪತ್ರ, ವಿದ್ಯಾರ್ಥಿಯ ಅಂಕ, ಇವನ್ನು ಇಂತಿಷ್ಟು ವರ್ಷ ಮುಚ್ಚಿಡಬೇಕು ಅಂತ ದಾನಪತ್ರದಲ್ಲೇ ಬರೆಸಿ. ನೀವೇ ಆರಿಸಿ ಹರಿದುಹಾಕುವುದಕ್ಕಿಂತ ಬೀಗ ಹಾಕಿಸುವುದು ಮೇಲು.

ಬರೆದವರ ಇಷ್ಟವೇನು ಅನ್ನುವುದೂ ದೊಡ್ಡ ಪ್ರಶ್ನೆ. ಫ್ರಾನ್ಸಿನಲ್ಲಿದ್ದ ಗಣಿತಜ್ಞ ಗ್ರೊಥೆಂಡೀಕ್ 1991ರಲ್ಲಿ ಸಾವಿರಾರು ಪುಟಗಳ ಪೆಟ್ಟಿಗೆಗಳನ್ನು ತಮ್ಮ ಶಿಷ್ಯರೊಬ್ಬರ ವಶಕ್ಕೆ ಬಿಟ್ಟು ಹಳ್ಳಿ ಸೇರಿಕೊಂಡರು. 2010ರಲ್ಲಿ, ನನ್ನ ಬರಹ ಏನನ್ನೂ ಪ್ರಕಟಿಸಬೇಡಿ ಅಂತ ಪತ್ರ ಬರೆದರು. 2014ರಲ್ಲಿ ತೀರಿಕೊಂಡರು. 2017ರಲ್ಲಿ ಮಾಂಟ್‌ಪೆಲಿಯೆ ವಿಶ್ವವಿದ್ಯಾಲಯ ಸುಮಾರು 18,000 ಪುಟಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಸರಿಯೋ ತಪ್ಪೋ, ನನಗೆ ಎರಡೂ ಕಡೆ ನ್ಯಾಯ ಕಾಣುತ್ತದೆ. ನಿಮ್ಮ ಮನೆಯಲ್ಲಿ ಈ ಜಗಳ ಬೇಡವೆಂದರೆ, ಬದುಕಿದ್ದಾಗಲೇ ಕೇಳಿ ನಾಲ್ಕು ಸಾಲು ಬರೆಸಿಕೊಳ್ಳಿ.

ನೀವು ವಿಭಾಗದ ಮುಖ್ಯಸ್ಥರಾಗಿದ್ದರೆ

ಮನೆಯವರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯ. ಜೊತೆಗೆ ಸೆಮಿನಾರ್ ರಿಜಿಸ್ಟರ್, ಸಂದರ್ಶಕರ ಪುಸ್ತಕ, ಪಠ್ಯಕ್ರಮ ಸಮಿತಿಯ ನಡವಳಿ, ಜರ್ನಲ್ ನಡೆಸುತ್ತಿದ್ದರೆ ಸಂಪಾದಕರ ಫೈಲು, ಇವು ಬೇಕು. ಮಂಡ್ಯದಲ್ಲಿ ಹುಟ್ಟಿದ ಗಣಿತಜ್ಞ ಕೆ. ರಾಮಚಂದ್ರ ಅವರು ಇನ್ನೊಬ್ಬ ಗಣಿತಜ್ಞ ಆರ್. ಬಾಲಸುಬ್ರಮಣಿಯನ್ ಜೊತೆ 1978ರಲ್ಲಿ ಹಾರ್ಡಿ-ರಾಮಾನುಜನ್ ಜರ್ನಲ್ ಶುರು ಮಾಡಿದರು. ಅಂಥ ಪತ್ರಿಕೆಯ ಹಿಂದೆ ಇಬ್ಬರು ಮೂವರ ಪತ್ರ ವ್ಯವಹಾರವೇ ಇಡೀ ಕಚೇರಿ.

ಕಚೇರಿ ಫೈಲು ಬರೀ ಗುಮಾಸ್ತರ ಕೆಲಸ ಅಂತ ತಿಳಿಯಬೇಡಿ. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ರಾಮಾನುಜನ್‌ಗೆ ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟಿತು. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು ಅಂತ ಷರತ್ತು. ಅವರು ಮೂರು ವರದಿ ಕೊಟ್ಟರು. ಮೂಲ ವರದಿಗಳು ಕಳೆದುಹೋದವು. 1925ರಲ್ಲಿ ಒಬ್ಬರು ಕೈಯಲ್ಲೇ ನಕಲು ಮಾಡಿಟ್ಟಿದ್ದರಿಂದ ಅದರಲ್ಲಿ ಏನಿತ್ತು ಅಂತ ಇಂದು ನಮಗೆ ಗೊತ್ತು.

ಇನ್ನು, ಕೇಂದ್ರ ಸರ್ಕಾರದ ಕಚೇರಿ ಮತ್ತು ಶಾಸನಬದ್ಧ ಸಂಸ್ಥೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಹಳೇ ಫೈಲನ್ನು ಮನಸ್ಸಿಗೆ ಬಂದಂತೆ ರದ್ದಿಗೆ ಹಾಕುವ ಹಾಗಿಲ್ಲ. ಕಟ್ಟಡಕ್ಕೆ ಬಣ್ಣ ಹೊಡೆಸುವ ಮುಂಚೆ ಇದನ್ನು ಆಡಳಿತ ವಿಭಾಗಕ್ಕೆ ನೆನಪಿಸಿ. ನಾನು ನೋಡಿದ ಮಟ್ಟಿಗೆ, ಬೆಂಕಿ, ಗೆದ್ದಲುಗಳಿಗಿಂತ ಹೆಚ್ಚು ಫೈಲು ಹಾಳಾಗಿರುವುದು ಬಣ್ಣ ಹೊಡೆಸುವ ವಾರದಲ್ಲೇ.

ಕೊಟ್ಟ ಮೇಲೆ

ಪೆಟ್ಟಿಗೆ ಸಾಗಿಸುವ ದಿನ ನಂಬರ್ ಸಮೇತ ಎಣಿಸಿ ಕೊಡಿ, ರಸೀದಿ ತೆಗೆದುಕೊಳ್ಳಿ. ಪಟ್ಟಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಒಂದು ವರ್ಷ ಬಿಟ್ಟು ಫೋನ್ ಮಾಡಿ, ಕ್ಯಾಟಲಾಗ್‌ಗೆ ಸೇರಿತಾ ಅಂತ ವಿಚಾರಿಸಿ. ಮನೆ ಬದಲಾದರೆ, ನಂಬರ್ ಬದಲಾದರೆ ಪತ್ರಾಗಾರಕ್ಕೆ ತಿಳಿಸಿ. ಹದಿನೈದು ವರ್ಷ ಬಿಟ್ಟು ಯಾರೋ ಹುಡುಗಿ ಆ ಮೂರನೇ ಪೆಟ್ಟಿಗೆಯ ಏಳನೇ ಫೈಲನ್ನು ಅಚ್ಚು ಹಾಕಬೇಕು ಅಂತ ಅನುಮತಿ ಕೇಳಿ ಬರೆಯಬಹುದು. ಆ ಪತ್ರ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬರಬಾರದು.